ಉಳಿದ ಎರಡು ಕೆ.ಜಿ. ಎಲ್ಲಿ?

2023ರ ಸೆಪ್ಟೆಂಬರ್. ಸೋಮನಾಥಪುರದ ಕೇಶವ ದೇವಾಲಯ ವಿಶ್ವ ಪರಂಪರೆಯ ಪಟ್ಟಿ ಸೇರಿದ ವಾರ. ಊರಿನ ಕಿರಾಣಿ ಅಂಗಡಿ. ತಕ್ಕಡಿ ಒಂದು ಕಡೆ ವಾಲಿದೆ. ಯಾವ ಕಡೆ ಅಂತ ಕೇಳಬೇಡಿ.

ಗಿರಾಕಿ: ಅಣ್ಣ, 5 ಕೆ.ಜಿ. ಅಕ್ಕಿ ಕೊಡಿ. ಅನ್ನಭಾಗ್ಯದ ಮಿಕ್ಕ ಅಕ್ಕಿ ದುಡ್ಡಾಗಿ ಬಂದದೆ. ಕೆ.ಜಿ.ಗೆ 34ರಂಗೆ 170.

ಅಂಗಡಿಯವ: ನನ್ನ ಅಕ್ಕಿ 55.

ಗಿರಾಕಿ: ಹಂಗಾರೆ 3 ಕೆ.ಜಿ.ನೇ ಆಯ್ತು. ಉಳಿದ 2?

ಅಂಗಡಿಯವ: ಬ್ಯಾಂಕಿಂದ ಬರೋ ದಾರೀಲಿ ಚೆಲ್ಲೋಗಿರಬೇಕು. ಚಿಲ್ಲರೆ 5 ರೂಪಾಯಿ ಉಳೀತಲ್ಲ, ಉಳಿತಾಯ ಅಂದ್ಕೊ.

ಗಿರಾಕಿ: ತೊಗರಿಬೇಳೆ?

ಅಂಗಡಿಯವ: 170.

ಗಿರಾಕಿ: ಲೆಕ್ಕ ಸರಿಹೋಯ್ತು! 5 ಕೆ.ಜಿ. ಅಕ್ಕಿಗೆ 1 ಕೆ.ಜಿ. ಬೇಳೆ.

ಅಂಗಡಿಯವ: ಅನ್ನ ಇಲ್ದೆ ಬೇಳೆ ಏನ್ ಮಾಡ್ತೀಯ?

ಗಿರಾಕಿ: ನೋಡ್ತೀನಿ. ನಮ್ಮೂರಿಗೆ ಬರೋರೆಲ್ಲ ನೋಡಕ್ಕೇ ತಾನೆ ಬರೋದು? 9,000 ಸಂಬಳದಲ್ಲಿ ಸಾಂಬಾರೇ ಕುದೀತಿಲ್ಲ.

ಅಂಗಡಿಯವ: ಕೇಶವನ್ನ ಕೇಳು.

ಗಿರಾಕಿ: ಅವನಿಗೇನ್ ಗೊತ್ತು? ಪೂಜೆ ನಿಂತ ಗುಡಿ, ನೈವೇದ್ಯದ ಖರ್ಚಿಲ್ಲ. ಅದಕ್ಕೇ ಹೊಯ್ಸಳರ ಕಾಲದಿಂದ ಬಾಳಿಕೆ ಬಂದದೆ.

ಅಂಗಡಿಯವ: ಯುನೆಸ್ಕೊದೋರು ನಿನ್ನನ್ನೂ ಸೇರಿಸ್ಕೊಂಡಿದ್ರೆ?

ಗಿರಾಕಿ: ನಂದು ಕಲ್ಲಿನ ಹೊಟ್ಟೆ ಅಲ್ವಲ್ಲ!

ಅಂಗಡಿಯವ: ನಿನ್ನ ಸಾಲದ ಪುಟ ಸೇರಿಸಬೋದು. ಮೂರು ತಿಂಗಳಿಂದ ಒಂದಕ್ಷರ ಅಳಿಸಿಲ್ಲ. ಒಳ್ಳೇ ಶಾಸನ ಇದ್ದಂಗದೆ.

ಗಿರಾಕಿ: ಹಂಗಾರೆ ಇನ್ನೊಂದು ಸಾಲು ಕೆತ್ತಿ ಅಣ್ಣ. ಬೇಳೆ, ಕಾಲು ಕೆ.ಜಿ.

ಅಂಗಡಿಯವ ಪೆನ್ಸಿಲ್ ತುದಿ ನಾಲಿಗೆಗೆ ತಾಗಿಸಿ ಬರೆದ: 42 ರೂಪಾಯಿ 50 ಪೈಸೆ.