ಆರು, ಏಳು, ಎಂಟು

ಪ್ಯಾಕೇಜ್ ಟೂರಿಗೆ ದುಡ್ಡು ಕಟ್ಟಿದವರು ಮೊದಲು ಬಾಯಿಪಾಠ ಮಾಡಬೇಕಾದ ಮಗ್ಗಿ ಇದು: 6ಕ್ಕೆ ಎಬ್ಬಿಸುವ ಫೋನು, 7ಕ್ಕೆ ತಿಂಡಿ, 8ಕ್ಕೆ ಬಸ್ಸು. ಆಗ್ರಾ ಬಂತೋ, ಈ ಮಗ್ಗಿಯೂ ತಲೆಕೆಳಗು. ತಾಜ್‌ಮಹಲ್ ಬಾಗಿಲು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆಯೇ ತೆರೆಯುತ್ತದೆಂಬ ಸಂಗತಿ ಟೂರ್ ಮ್ಯಾನೇಜರಿಗೆ ಗೊತ್ತು, ನಮ್ಮ ಗ್ರಹಚಾರ. ಶುಕ್ರವಾರ ತಾಜ್‌ಗೆ ರಜೆ. ನಮಗೆ ಅದೂ ಇಲ್ಲ.

ಡಾರ್ಜಿಲಿಂಗಿನ ಟೈಗರ್ ಹಿಲ್ ಕಥೆ ಕೇಳಲೇಬೇಡಿ. ಬೆಳಗಿನ ಜಾವ 4ಕ್ಕೇ ಜೀಪು. ಎಲ್ಲರದೂ ಮಂಕಿಕ್ಯಾಪು, ಎಲ್ಲರದೂ ಬಾಡಿಗೆ ಕೋಟು. ಆ ಕತ್ತಲಲ್ಲಿ ನಮ್ಮ ಗುಂಪಿನ ಒಬ್ಬಾಕೆ ಇನ್ಯಾರದೋ ಯಜಮಾನರಿಗೆ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಟ್ಟರು. ಅವರೂ ಗುಟ್ಟು ಬಿಡದೆ ಕುಡಿದು ಮುಗಿಸಿದರು. ಕಾಂಚನಜುಂಗಾ ಮಾತ್ರ ಮೋಡ ಹೊದ್ದು ಮಲಗೇ ಇತ್ತು. ಅದಕ್ಕೆ ಟೂರ್ ಮ್ಯಾನೇಜರ್ ಇಲ್ಲವಲ್ಲ!

ಪ್ರತಿ ಬಸ್ಸಿಗೂ ಒಬ್ಬ ತಡದ ರಾಯರು ಇದ್ದೇ ಇರುತ್ತಾರೆ.

“ರಾಯರೇ, ಎಲ್ಲರೂ ಕಾಯ್ತಿದ್ದಾರೆ ಸಾರ್!”

“ಬಂದೆ ಕಣಪ್ಪಾ, ಸಂಧ್ಯಾವಂದನೆ ಮುಗೀಲಿ.”

ಬೈದುಕೊಳ್ಳುವ ನಾವೆಲ್ಲ ಒಳಗೊಳಗೇ ಅವರಿಗೆ ಋಣಿಗಳು. ಆ ಹತ್ತು ನಿಮಿಷವೇ ನಮ್ಮ ನಿದ್ದೆ.

ಇಷ್ಟೆಲ್ಲ ಓಡಿ ಸಾರನಾಥ ಮುಟ್ಟಿದರೆ ಧಮೇಕ್ ಸ್ತೂಪಕ್ಕೆ ಇಪ್ಪತ್ತೇ ನಿಮಿಷ. ಅಲ್ಲಿಂದ ಬನಾರಸ್ ಸೀರೆ ಅಂಗಡಿಗೆ ಎರಡು ಗಂಟೆ, ಟೀ ಬೇರೆ. ಗಂಡಸರಿಗೆ ಅಲ್ಲೇ ಗೋಡೆಗೊರಗಿ ಗೊರಕೆ.

ಮುಂದಿನ ಸಲ ಟೂರಿಗೆ ಅಡ್ವಾನ್ಸ್ ಕೊಡುವ ಮುನ್ನ ಒಂದೇ ಒಂದು ಪ್ರಶ್ನೆ ಕೇಳಿ: ಒಂದೇ ಹೋಟೆಲಿನಲ್ಲಿ ಸತತ ಎರಡು ರಾತ್ರಿ ಎಲ್ಲಾದರೂ ಇದೆಯೇ?