ಮೇಲಿಂದ ಸೇರಿದ್ದು

"ಸೂಪರ್‌ಅಡಿಷನ್ ಅಂದ್ರೆ ಎಂತ ಹೇಳಿ ಕೂಸು ಕೇಳ್ತು. ಸೂಪರ್ ಆಗಿ ಕೂಡ್ಸ ಲೆಕ್ಕ ಹೇಳ್ಬಿಟ್ಟಿ" ಎಂದು ಆಚೆಮನೆ ಭಾವ ಬೇಲಿಗೆ ಒರಗಿದ. ಬಾಯಿ ತುಂಬ ಕವಳ. ಮೊಮ್ಮಗಳು ಯಾವುದೋ ಪರೀಕ್ಷೆಗೆ ಓದುತ್ತಿದ್ದಾಳಂತೆ.

ಇಂಗ್ಲಿಷರೂ ಆ ಶಬ್ದವನ್ನು ದಿನಾ ಆಡುವವರಲ್ಲ. ಹಳೇ ಗ್ರಂಥಗಳ ಸರಕು. ಹದಿನೇಳನೇ ಶತಮಾನದ ಜಾನ್ ಲಾಕ್ ಎಂಬ ತತ್ವಜ್ಞಾನಿ, ದೇವರು ಮನಸ್ಸು ಮಾಡಿದರೆ ಜಡವಸ್ತುವಿಗೂ ಯೋಚನೆ ಮಾಡುವ ಶಕ್ತಿಯನ್ನು ಮೇಲಿಂದ ಸೇರಿಸಬಲ್ಲ ಎಂದು ಬರೆದ. ಒಬ್ಬ ಬಿಷಪ್ಪರಿಗೆ ಅದು ಸರಿಬರಲಿಲ್ಲ, ಇಬ್ಬರ ನಡುವೆ ಪುಸ್ತಕದ ಮೇಲೆ ಪುಸ್ತಕ ವಾದ ಬೆಳೆಯಿತು.

"ನಮ್ಮನೆ ಪಂಪ್‌ಸೆಟ್ಟಿಗೂ ಒಂಚೂರು ಸೇರ್ಸಿದ್ರೆ ಅಡ್ಡಿರ್ತಿತ್ತಿಲ್ಲೆ" ಎಂದ ಭಾವ.

ಎರಡಕ್ಕೆ ಮೂರು ಕೂಡಿಸುವುದು ಬರೀ ಅಡಿಷನ್. ತನ್ನಷ್ಟಕ್ಕೆ ಪೂರ್ತಿಯಾದದ್ದರ ಮೇಲೆ ಇನ್ನೊಂದು ಬಂದು ಕೂರುವುದು ಸೂಪರ್‌ಅಡಿಷನ್. ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಿದ ಹಾಗೆ ಅಂದೆ. ಬಳ್ಳಿ ಮರವನ್ನು ಹಿಡಿದು ಮೇಲೇರುತ್ತದೆ, ಅದರ ರಸ ಹೀರುವುದಿಲ್ಲ. ಬದನಿಕೆಯನ್ನು ಈ ಲೆಕ್ಕಕ್ಕೆ ತರುವ ಹಾಗಿಲ್ಲ.

"ವೆನಿಲ್ಲಾ?" ಎಂದು ಕೆಣಕಿದ. 2003ರ ಸುಮಾರಿಗೆ ಹಸಿ ಕೋಡಿಗೆ ಕೆಜಿಗೆ ಸಾವಿರ ದಾಟಿದ ದರ ಕೇಳಿ, ಬೆಳಗಾದರೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುತ್ತ ಕೂತವರೆಷ್ಟು! ದರ ಬಿದ್ದದ್ದೇ ಬಳ್ಳಿ ಗೊಬ್ಬರಗುಂಡಿ ಸೇರಿತು. ಆ ಮಾತು ಬೇಡ.

ನನ್ನ ಕೇಳಿದರೆ ನಮ್ಮ ಕಡೆ ಈ ಶಬ್ದಕ್ಕೆ ಸರಿಯಾದ ಉದಾಹರಣೆ ಸೊಪ್ಪಿನ ಬೆಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಒಂದು ಎಕರೆ ಭಾಗಾಯ್ತಕ್ಕೆ, ಅಂದರೆ ಅಡಿಕೆ ತೋಟಕ್ಕೆ, 9 ಎಕರೆವರೆಗೆ ಬೆಟ್ಟ ಎಂದು ಬ್ರಿಟಿಷರ ಕಾಲದಲ್ಲೇ ಕೊಟ್ಟದ್ದು. ಘಟ್ಟದ ಕೆಳಗೆ 4 ಎಕರೆ. ಕಾಗದದಲ್ಲಿ ತೋಟವೇ ಯಜಮಾನ, ಬೆಟ್ಟ ಅದಕ್ಕೆ ಅಂಟಿಕೊಂಡ ಸವಲತ್ತು. ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ದನ ಮೇಯಿಸಬಹುದು, ನೆಲ ಮಾತ್ರ ಸರ್ಕಾರದ್ದು. ಒಂದಕ್ಕೆ ಒಂಬತ್ತು ಸೇರಿದರೆ ಸೇರಿದ್ದು ಯಾವುದು, ಮೂಲ ಯಾವುದು? ವರ್ಷ ವರ್ಷ ಸೊಪ್ಪು ಕಡಿಸಿಕೊಂಡು ಕಂಬದ ಹಾಗೆ ನಿಂತ ಮತ್ತಿ ಮರಗಳ ಕೆಳಗೆ ನಿಂತು ನೋಡಬೇಕು. ಆ ಸೊಪ್ಪು ಕೊಟ್ಟಿಗೆಗೆ ಹೋಗಿ, ದನದ ಕಾಲಡಿ ತುಳಿಸಿಕೊಂಡು, ಗೊಬ್ಬರವಾಗಿ ಅಡಿಕೆ ಬುಡಕ್ಕೆ ಬರುತ್ತದೆ. ಒಣಗಿದ ದರಕು ಬೇಸಿಗೆಯಲ್ಲಿ ಬುಡದ ತಂಪು ಕಾಯುತ್ತದೆ. ಮುರುಗಲು, ಉಪ್ಪಾಗೆ, ವಾಟೆಹುಳಿ ಅಡುಗೆಮನೆಗೆ. ಟಿ.ಎಸ್.ಎಸ್. ಎಂಬ ಸಹಕಾರಿ ಸಂಘದ ವ್ಯಾಪಾರಿ ಅಂಗಳದಲ್ಲಿ ರಾಶಿ, ಚಾಲಿ ಎಂದು ದರ ಕೂಗಿಸಿಕೊಳ್ಳುವ ಅಡಿಕೆಯಲ್ಲಿ ಬೆಟ್ಟದ ಪಾಲೆಷ್ಟು ಎಂದು ಯಾರೂ ತೂಗುವುದಿಲ್ಲ.

ಈಗ ದನ ಕಡಿಮೆ, ಸೊಪ್ಪಿನ ಆಳು ಇಲ್ಲವೇ ಇಲ್ಲ. ಗೊಬ್ಬರ ಚೀಲದಲ್ಲಿ ಬರುತ್ತದೆ. ಸುಮ್ಮನೆ ಬಿದ್ದಿದೆಯಲ್ಲ ಎಂದು ಬೆಟ್ಟಕ್ಕೇ ಅಡಿಕೆ ಸಸಿ ಇಡುವವರೂ ಇದ್ದಾರೆ. ಅವರ ತೋಟಕ್ಕೆ ಸೊಪ್ಪು ಎಲ್ಲಿಂದ?

"ಅಲ್ದಾ ಭಾವ, ನಿನ್ನೆ ನಿನ್ನ ಬೆಟ್ಟದ ಕಡೆ ಜೆಸಿಬಿ ಸದ್ದು ಎಂತಕ್ಕೆ ಕೇಳ್ತಿತ್ತು?"

ಕವಳ ಉಗಿದು ಬರಲು ಅವನಿಗೆ ಸ್ವಲ್ಪ ಹೊತ್ತೇ ಹಿಡಿಯಿತು. "ಸೊಪ್ಪಿನ ಗಾಡಿಗೆ ದಾರಿ" ಎಂದ.