ಚಿಲಕದ ಒಳಗೆ ಎಲ್ಲರೂ, ನಾಯಿಯೊಂದನ್ನು ಬಿಟ್ಟು



ಮಲೆನಾಡಿನ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಹೊಸನಗರ, ಸಾಗರ, ಸಿದ್ದಾಪುರದ ಕಡೆಯಲ್ಲಿ, ಅಡಿಕೆ ತೋಟದ ಪಕ್ಕ, ಕಾಡಿಗೆ ಬೆನ್ನು ಹಾಕಿದ ಒಂಟಿ ಮನೆಗಳಲ್ಲಿ ಬದುಕುತ್ತಿರುವ ನಿಮಗೆಲ್ಲ ಈ ಪತ್ರ. ಹೆಗಡೆಯವರೇ, ಗೌಡರೇ, ಭಟ್ಟರೇ, ನಾಯ್ಕರೇ, ಅಮ್ಮಂದಿರೇ, ನಾನೂ ನಿಮ್ಮ ಕಡೆಯವಳೇ. ಹಾಗಾಗಿ ಸುತ್ತಿ ಬಳಸದೆ ಕೇಳುತ್ತಿದ್ದೇನೆ. ಇವತ್ತು ರಾತ್ರಿ ನಿಮ್ಮ ನಾಯಿ ಎಲ್ಲಿ ಮಲಗುತ್ತದೆ?

ಹೆಚ್ಚಿನ ಮನೆಗಳ ಉತ್ತರ ನನಗೆ ಗೊತ್ತಿದೆ. ಜಗಲಿಯ ಕಂಬಕ್ಕೆ ಕಟ್ಟಿರುತ್ತೀರಿ. ಇಲ್ಲವಾದರೆ ಕೊಟ್ಟಿಗೆಯ ಹೊರಗೋಡೆಗೆ ತಾಗಿಸಿ ಸೌದೆ ಪೇರಿಸಿದ ಮೂಲೆಯಲ್ಲಿ, ಅದೂ ಇಲ್ಲವಾದರೆ ಅಂಗಳದ ಅಂಚಿನ ಮರಕ್ಕೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ದನಗಳು ಕೊಟ್ಟಿಗೆ ಸೇರುತ್ತವೆ. ಕರುವನ್ನು ಇನ್ನೂ ಒಳಗೆ, ಗೋಡೆಯ ಮಗ್ಗುಲಿಗೆ ಕಟ್ಟುತ್ತೀರಿ. ಕೋಳಿಗೂಡಿನ ಬಾಗಿಲಿಗೆ ಅಡ್ಡ ಕೋಲು ಬೀಳುತ್ತದೆ. ಒಣಗಿದ ಅಡಿಕೆ ಮೂಟೆಗೆ ಬೀಗ, ಬೈಕಿಗೆ ಬೀಗ, ಹೆಬ್ಬಾಗಿಲಿಗೆ ಅಗುಳಿ. ಇಷ್ಟೆಲ್ಲ ಆದಮೇಲೆ ಹೊರಗೆ ಉಳಿಯುವ ಜೀವ ಒಂದೇ. ಓಡಲು ಬರುವ ಅದರ ನಾಲ್ಕು ಕಾಲಿಗೆ ನಾವು ಕೊಟ್ಟಿರುವ ದೂರ ಮೂರು ಮೊಳದ ಸರಪಳಿ.

ನಮ್ಮ ಊರಿನ ರಾತ್ರಿಯಲ್ಲಿ ಏನು ಓಡಾಡುತ್ತದೆ ಎಂಬುದನ್ನು ನಿಮಗೆ ಹೇಳಿಕೊಡಬೇಕಿಲ್ಲ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಮಧ್ಯಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ದೇಶದಲ್ಲೇ ಹೆಚ್ಚು. ಸಂಖ್ಯೆಯನ್ನು ಬಿಡಿ, ಬೆಳಿಗ್ಗೆ ತೋಟಕ್ಕೆ ಹೋದವರು ಒದ್ದೆ ಮಣ್ಣಿನ ಮೇಲೆ ಹೆಜ್ಜೆ ನೋಡಿ ಬಂದು ಹೇಳುವುದು ನಮ್ಮಲ್ಲಿ ಹೊಸ ಸುದ್ದಿಯೇ ಅಲ್ಲ. ಬೆಳಗಾಗುವಾಗ ಕಂಬದಲ್ಲಿ ತುಂಡು ಸರಪಳಿ, ನೆಲದ ಮೇಲೆ ಎಳೆದುಕೊಂಡು ಹೋದ ಗುರುತು, ನಾಲ್ಕು ಹನಿ ರಕ್ತ. ಇಂಥ ಬೆಳಗನ್ನು ಕಂಡ ಮನೆಗಳು ನಮ್ಮ ಸೀಮೆಯಲ್ಲಿ ಕಡಿಮೆಯಿಲ್ಲ. ಎರಡು ದಿನ ಬೇಸರ ಮಾಡುತ್ತೇವೆ, ಮನೆಯ ಮಕ್ಕಳು ಅಳುತ್ತಾರೆ. ಮುಂದಿನ ತಿಂಗಳು ಯಾರದೋ ಮನೆಯಿಂದ ಮರಿ ತಂದು ಅದೇ ಕಂಬಕ್ಕೆ ಕಟ್ಟುತ್ತೇವೆ.

ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ಚಿರತೆಯ ಹಿಕ್ಕೆ ಹೆಕ್ಕಿ ಪರೀಕ್ಷಿಸಿ, ಅದು ಏನು ತಿಂದು ಬದುಕುತ್ತಿದೆ ಎಂದು ಲೆಕ್ಕ ಹಾಕಿದರು. ಕಾಡಿಲ್ಲದ, ಹೊಲಗದ್ದೆಗಳ ನಡುವಿನ ಊರುಗಳವು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ತೂಕದ ಲೆಕ್ಕದಲ್ಲಿ ಚಿರತೆಯ ಆಹಾರದ ಶೇ 39ರಷ್ಟು ನಾಯಿ. ಆಡು ಬರೀ ಶೇ 11. ಆದರೆ ಆ ಊರುಗಳಲ್ಲಿ ನಾಯಿಗಿಂತ ಆಡುಗಳೇ ಏಳು ಪಟ್ಟು ಹೆಚ್ಚಿದ್ದವು! ಹಾಗಾದರೆ ಚಿರತೆ ಆಡನ್ನು ಬಿಟ್ಟು ನಾಯಿಯನ್ನೇ ಯಾಕೆ ಹಿಡಿಯಿತು? ಸಂಶೋಧಕರು ಕೊಟ್ಟ ಕಾರಣ ಸರಳವಾದದ್ದು. ರಾತ್ರಿಯಾದರೆ ಜನ ಆಡುಗಳನ್ನು ದೊಡ್ಡಿಗೆ ಸೇರಿಸಿ ಬಾಗಿಲು ಹಾಕುತ್ತಾರೆ, ನಾಯಿಯನ್ನು ಹೊರಗೆ ಬಿಟ್ಟಿರುತ್ತಾರೆ. ನಡುವೆ ಇದ್ದದ್ದು ಒಂದು ಬಾಗಿಲು ಮಾತ್ರ. ಅಲ್ಲಿನ ನಾಯಿಗಳು ಬಿಡುಬೀಸಾಗಿಯಾದರೂ ಇದ್ದವು, ಓಡಿ ಹೋಗಿ ಯಾವುದಾದರೂ ಕಟ್ಟೆಯ ಕೆಳಗೆ ನುಸುಳಬಹುದಿತ್ತು. ನಮ್ಮ ನಾಯಿಗೆ ಅದೂ ಇಲ್ಲ.

ಚಿರತೆ ಹಿಡಿಯಲು ಅರಣ್ಯ ಇಲಾಖೆಯವರು ಬೋನು ಇಡುವುದನ್ನು ನೀವು ನೋಡಿದ್ದೀರಿ. ಅದರೊಳಗೆ ಎಷ್ಟೋ ಸಲ ನಾಯಿಯನ್ನೇ ಕಟ್ಟುತ್ತಾರೆ, ಯಾಕೆಂದರೆ ಅದರ ವಾಸನೆಗೂ ಕೂಗಿಗೂ ಚಿರತೆ ಬಂದೇ ಬರುತ್ತದೆ ಎಂದು ಅವರಿಗೆ ಗೊತ್ತು. ಆದರೆ ಬೋನನ್ನು ಹತ್ತಿರ ಹೋಗಿ ಗಮನಿಸಿದ್ದೀರಾ? ಸಾಮಾನ್ಯವಾಗಿ ಅದರಲ್ಲಿ ಎರಡು ಅಂಕಣ ಇರುತ್ತವೆ. ನಾಯಿ ಇರುವ ಅಂಕಣಕ್ಕೂ ಚಿರತೆ ಬೀಳುವ ಅಂಕಣಕ್ಕೂ ನಡುವೆ ಕಬ್ಬಿಣದ ಸರಳು. ಆಮಿಷಕ್ಕೆಂದು ಇಟ್ಟ ನಾಯಿಗೂ ಒಂದು ಅಡ್ಡಗೋಡೆ ಇದೆ. ಹತ್ತು ವರ್ಷ ನಮ್ಮ ಅನ್ನ ತಿಂದು, ನಮ್ಮ ಮಕ್ಕಳ ಹಿಂದೆ ಶಾಲೆಯ ತಿರುವಿನವರೆಗೆ ಹೋಗಿ ಬರುವ ನಾಯಿಗೆ ಅಷ್ಟೂ ಇಲ್ಲ. ಈ ಮಾತನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ, ಆದರೆ ಹೇಳದೆ ಬಿಡಲಾರೆ. ಕಂಬಕ್ಕೆ ಕಟ್ಟಿದ ನಾಯಿ ಚಿರತೆಯ ಪಾಲಿಗೆ ನಾವೇ ಬಡಿಸಿಟ್ಟ ಊಟ.

ಅಲ್ಲಿಗೇ ಮುಗಿಯುವುದಿಲ್ಲ. ಒಂದು ಸಲ ಸುಲಭವಾಗಿ ಹೊಟ್ಟೆ ತುಂಬಿದ ಜಾಗಕ್ಕೆ ಚಿರತೆ ಮತ್ತೆ ಬರುತ್ತದೆ. ನಸುಕಿನಲ್ಲಿ ಬಚ್ಚಲ ಒಲೆಗೆ ಬೆಂಕಿ ಹಾಕಲು ಏಳುವ ಅಜ್ಜಿ, ಹಾಲು ಕರೆಯಲು ಕೊಟ್ಟಿಗೆಗೆ ಹೋಗುವ ಅಮ್ಮ, ಎಲ್ಲರೂ ದಾಟುವುದು ಅದೇ ಅಂಗಳವನ್ನು. ಕಾಡಂಚಿನ ಊರುಗಳಿಗೆ ಬರುವ ಅರಣ್ಯ ಸಿಬ್ಬಂದಿ ‘ರಾತ್ರಿ ಸಾಕುಪ್ರಾಣಿಗಳನ್ನು ಒಳಗೆ ಹಾಕಿ’ ಎಂದು ಹೇಳುವುದು ದನಕ್ಕೆ ಮಾತ್ರ ಎಂದುಕೊಂಡಿದ್ದೇವೆ. ನಾಯಿಗೂ ಅದು ಅನ್ವಯಿಸುತ್ತದೆ.

‘ನಾಯಿ ಸಾಕಿರುವುದೇ ಕಾವಲಿಗೆ, ಒಳಗೆ ಮಲಗಿಸಿದರೆ ಕಾಯುವವರು ಯಾರು?’ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಕಳ್ಳರ ಭಯ ಇದ್ದೇ ಇದೆ. ಆದರೆ ನಾಯಿ ಕಾಯುವುದು ಕಿವಿಯಿಂದ, ಮೂಗಿನಿಂದ. ನಮ್ಮ ಕಿವಿಗೆ 20,000 ಹರ್ಟ್ಸ್‌ನ ಆಚೆಗಿನ ಸದ್ದು ಕೇಳದು, ಅದಕ್ಕೆ ಸುಮಾರು 45,000ದವರೆಗೂ ಕೇಳುತ್ತದೆ. ಹೆಬ್ಬಾಗಿಲ ಒಳಗೆ ಮಲಗಿದ್ದರೂ ದಣಪೆ ದಾಟಿದ ಅಪರಿಚಿತ ಹೆಜ್ಜೆ ಅದಕ್ಕೆ ತಿಳಿಯುತ್ತದೆ, ನಮ್ಮ ಹಾಸಿಗೆಯ ಹತ್ತಿರದಿಂದಲೇ ಬೊಗಳಿ ನಮ್ಮನ್ನು ಎಬ್ಬಿಸುತ್ತದೆ. ಹೊರಗೆ ಕಟ್ಟಿದ ನಾಯಿಯ ಪಾಡು ನೋಡಿ. ಕಾಡುಹಂದಿ ಬಂದರೂ ಬೊಗಳುತ್ತದೆ, ಪುನುಗು ಮಾಡಿನ ಮೇಲೆ ಹಾದರೂ ಬೊಗಳುತ್ತದೆ, ಆಚೆ ದಿಬ್ಬದ ನಾಯಿ ಊಳಿಟ್ಟರೂ ಬೊಗಳುತ್ತದೆ, ಹೆದರಿದರೂ ಚಳಿಯಾದರೂ ಬೊಗಳುತ್ತದೆ. ಕೊನೆಗೆ ನಾವು ‘ಅದು ಬೊಗಳುವುದೇ ಹಾಗೆ’ ಎಂದು ಮಗ್ಗುಲು ಬದಲಿಸುತ್ತೇವೆ. ಕೇಳುವವರಿಲ್ಲದ ಬೊಗಳಿಕೆಯಿಂದ ಯಾವ ಅಡಿಕೆ ಮೂಟೆ ಉಳಿದೀತು? ಮೇಲಾಗಿ, ನಾಯಿ ಹೊರಗಿದ್ದರೆ ಕಳ್ಳನಿಗೆ ವಿಷ ಬೆರೆಸಿದ ಮಾಂಸದ ತುಂಡು ಎಸೆಯಲು ಸುಲಭ. ಬಾಗಿಲ ಒಳಗಿರುವ ನಾಯಿಗೆ ಅವನು ಏನನ್ನೂ ಎಸೆಯಲಾರ.

ಮಳೆಗಾಲದ ಮಾತು ಬೇರೆಯೇ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಗಲಿಗೆ ಎರಚಲು ಬಡಿಯುತ್ತದೆ. ನಾವು ಹಾಸಿದ ಗೋಣಿ ಆಷಾಢ ಬರುವಷ್ಟರಲ್ಲಿ ಒದ್ದೆಯಾಗಿ, ಒಣಗುವುದನ್ನೇ ಮರೆತು ಹುಳಿ ನಾತ ಹೊಡೆಯುತ್ತದೆ. ನಾಯಿಯ ಮೈಶಾಖ ನಮ್ಮದಕ್ಕಿಂತ ಹೆಚ್ಚು, ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಅದನ್ನು ಇಡೀ ರಾತ್ರಿ ಉಳಿಸಿಕೊಳ್ಳಬೇಕಾದರೆ ಒಣಗಿದ ನೆಲ ಬೇಕು. ನಮ್ಮ ನಾಟಿ ನಾಯಿಗೆ ಇರುವುದು ಗಿಡ್ಡ ಕೂದಲು. ಮುದಿ ನಾಯಿಯ ಹಿಂಗಾಲು ಬೆಳಿಗ್ಗೆ ಎದ್ದಾಗ ನೆಟ್ಟಗಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಈ ಮಳೆಗಾಲದಲ್ಲಿ ಒಮ್ಮೆ ನಿಂತು ನೋಡಿ. ಮೂಗಿನೊಳಗೆ ಉಂಬಳ ಹೊಕ್ಕು ವಾರಗಟ್ಟಲೆ ಸೀನುವ, ಮೂಗಿನಿಂದ ರಕ್ತ ಸುರಿಸುವ ನಾಯಿಯನ್ನು ನೋಡದ ಮಲೆನಾಡಿಗರು ಯಾರಿದ್ದಾರೆ? ಸಡಿಲ ಬಿಟ್ಟ ದಿನ ಅದು ತಾನಾಗಿ ಹೋಗಿ ಎಲ್ಲಿ ಮಲಗುತ್ತದೆ ಎಂಬುದೂ ನಿಮಗೆ ಗೊತ್ತು. ಬಚ್ಚಲ ಒಲೆಯ ಬೆಚ್ಚಗಿನ ಬೂದಿಯಲ್ಲಿ. ತನಗೆ ಏನು ಬೇಕು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಅದು ಹೇಗೆ ತಿಳಿಸಬೇಕು?

ಮಡಿಯ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದೇವರ ಕೋಣೆ, ಅಡುಗೆಮನೆ ನಿಮ್ಮ ಪದ್ಧತಿಯಂತೆಯೇ ಇರಲಿ, ನಾಯಿ ಅಲ್ಲಿಗೆ ಬರಬೇಕೆಂದು ಯಾರೂ ಹೇಳುತ್ತಿಲ್ಲ. ನಮ್ಮ ಮನೆಗಳು ಚಿಕ್ಕವಲ್ಲ. ಬಚ್ಚಲುಮನೆ ಇದೆ, ಅಡಿಕೆ ಸುಲಿಯುವ ಕೋಣೆ ಇದೆ, ಅಟ್ಟಕ್ಕೆ ಹೋಗುವ ಏಣಿಯ ಕೆಳಗೆ ಜಾಗ ಇದೆ, ಕೊಟ್ಟಿಗೆಗೆ ಗಟ್ಟಿ ಬಾಗಿಲಿದ್ದರೆ ಅದರ ಒಳಗಿನ ಒಂದು ಮೂಲೆಯೂ ಆದೀತು. ನಾಲ್ಕು ಗೋಡೆ, ಮುಚ್ಚುವ ಒಂದು ಬಾಗಿಲು, ಒಣ ನೆಲ. ಕೇಳುತ್ತಿರುವುದು ಇಷ್ಟೇ.

ಉಣುಗಿನ ಭಯ ಮಾತ್ರ ನಿಜವಾದದ್ದು, ಅದನ್ನು ಮುಚ್ಚಿಡಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದು. ಬೇಸಿಗೆಯಲ್ಲಿ ಕಾಡು ಸುತ್ತಿ ಬಂದ ನಾಯಿ ಮೈಮೇಲೆ ಏನು ಹೊತ್ತು ತರುತ್ತದೋ ಹೇಳಲಾಗದು. ಆದರೆ ಅದೇ ನಾಯಿ ಹಗಲೆಲ್ಲ ಜಗಲಿಯ ಮೇಲೆ ನಮ್ಮ ಕಾಲ ಬುಡದಲ್ಲೇ ಬಿದ್ದುಕೊಂಡಿರುತ್ತದೆ, ನಾವು ಅಲ್ಲಿಯೇ ಕೂತು ಎಲೆ ಅಡಿಕೆ ಹಾಕುತ್ತೇವೆ, ಮಗುವನ್ನು ಆಡಿಸುತ್ತೇವೆ. ರಾತ್ರಿ ಹೊರಗೆ ಕಟ್ಟಿದರೆ ಉಣುಗು ತಪ್ಪಿಸಿದಂತಾಗುವುದಿಲ್ಲ. ಉಣುಗಿಗೆ ಔಷಧಿ ಹಾಕಿದರೆ ಮಾತ್ರ ತಪ್ಪುತ್ತದೆ. ಯಾವ ಔಷಧಿ, ಎಷ್ಟು ದಿನಕ್ಕೊಮ್ಮೆ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ, ದನಕ್ಕೆ ಹಾಕುವುದನ್ನೇ ಅಂದಾಜಿನಲ್ಲಿ ನಾಯಿಗೂ ಹಚ್ಚಬೇಡಿ. ಹಾಗೆಯೇ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ. ನಾಯಿ ಒಳಗೆ ಮಲಗಲಿ, ಹೊರಗೆ ಮಲಗಲಿ, ಇವೆರಡೂ ನಮ್ಮ ಹೊಣೆ.

ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳಿಗೂ ಎರಡು ಮಾತು. ದೀಪಾವಳಿಗೆ ಊರಿಗೆ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಿಮ್ಮ ಲ್ಯಾಬ್ರಡಾರ್ ಬರುತ್ತದೆ. ಅದಕ್ಕೆ ಹಾಸಿಗೆ ಇದೆ, ತಿನ್ನಲು ಬೇರೆ ಪೊಟ್ಟಣ ಇದೆ, ರಾತ್ರಿ ನಿಮ್ಮ ಕೋಣೆಯಲ್ಲೇ ಮಲಗುತ್ತದೆ. ಅಪ್ಪ ಅಮ್ಮ ಗೊಣಗುತ್ತಲೇ ಒಪ್ಪಿಕೊಳ್ಳುತ್ತಾರೆ. ಅದೇ ರಾತ್ರಿ, ಅದೇ ಮನೆಯ ಕಂಬದಲ್ಲಿ, ನಿಮ್ಮನ್ನು ನೋಡಿ ಮೈಯೆಲ್ಲ ಬಾಲವಾಗಿ ಕುಣಿದ ಊರ ನಾಯಿ ಕಟ್ಟಿಕೊಂಡೇ ಇರುತ್ತದೆ. ನೀವು ಹೇಳಿದರೆ ಮನೆಯವರು ಕೇಳುತ್ತಾರೆ. ನಾಲ್ಕು ದಿನದ ಮಟ್ಟಿಗೆ ಬೇಡ, ನೀವು ಹೊರಟಮೇಲೂ ನಡೆಯುವ ಹಾಗೆ ಮಾತಾಡಿ ಹೋಗಿ. ಮಂಚದ ಮೇಲೆ ಮಲಗಿಸಿ ಎಂದು ಹಿರಿಯರನ್ನು ಒತ್ತಾಯಿಸುವುದೂ ಬೇಕಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು ನಾಯಿ ಸಾಕಿದ 40 ಜನರ ನಿದ್ದೆಯನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿ ಅದೇ ಕೋಣೆಯಲ್ಲಿದ್ದರೂ ಜನ ಚೆನ್ನಾಗಿಯೇ ಮಲಗಿದ್ದರು. ಅದು ಹಾಸಿಗೆಯ ಮೇಲೇ ಇದ್ದಾಗ ಮಾತ್ರ ಅವರ ನಿದ್ದೆ ತುಸು ಕೆಟ್ಟಿತ್ತು. ನೆಲವೇ ಸಾಕು.

ಕಾನೂನನ್ನು ಹೇಳಿ ಹೆದರಿಸುವ ಉದ್ದೇಶ ನನಗಿಲ್ಲ, ಆದರೂ ತಿಳಿದಿರಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಪ್ರಾಣಿಯನ್ನು ತೀರಾ ಗಿಡ್ಡವಾದ ಅಥವಾ ತೀರಾ ಭಾರವಾದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟುವುದು ಅಪರಾಧ. ಯಾವಾಗಲೂ ಕಟ್ಟಿಟ್ಟ ನಾಯಿಯನ್ನು ಓಡಾಡಿಸದೆ ಇರುವುದೂ, ಸಾಕಷ್ಟು ಆಸರೆ ಕೊಡದಿರುವುದೂ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಇವತ್ತು ಆ ಹಣಕ್ಕೆ ಒಂದು ಒಳ್ಳೆಯ ಸರಪಳಿಯೂ ಬರುವುದಿಲ್ಲ. ಆದ್ದರಿಂದ ಈ ವಿಷಯ ಪೊಲೀಸ್ ಠಾಣೆಯಲ್ಲಿ ತೀರ್ಮಾನವಾಗದು, ನಿಮ್ಮ ನಡುಮನೆಯಲ್ಲೇ ಆಗಬೇಕು.

ಒಪ್ಪಿದಿರಿ ಎಂದುಕೊಂಡು ಇನ್ನಷ್ಟು ಹೇಳುತ್ತೇನೆ. ವರ್ಷಗಟ್ಟಲೆ ಹೊಸ್ತಿಲು ದಾಟಿದಾಗೆಲ್ಲ ‘ಹಚಾ’ ಅನ್ನಿಸಿಕೊಂಡು ಏಟು ತಿಂದ ನಾಯಿ ಒಂದೇ ರಾತ್ರಿಗೆ ಒಳಗೆ ಬರುವುದಿಲ್ಲ. ಬಾಗಿಲಲ್ಲಿ ನಿಂತು ನಿಮ್ಮ ಮುಖ ನೋಡುತ್ತದೆ, ಹಿಂದೆ ಸರಿಯುತ್ತದೆ. ಎಳೆಯಬೇಡಿ. ಅದರ ರಾತ್ರಿ ಊಟವನ್ನು ಒಳಗೆ, ಮಲಗುವ ಜಾಗದಲ್ಲೇ ಹಾಕಿ. ಎರಡು ಮಡಿಕೆಯ ಒಣ ಗೋಣಿಯ ಮೇಲೆ ನೀವು ಉಟ್ಟು ಬಿಟ್ಟ ಹಳೆಯ ಪಂಚೆಯನ್ನೋ ಸೀರೆಯ ತುಂಡನ್ನೋ ಹಾಸಿ. ನಿಮ್ಮ ವಾಸನೆ ಇದ್ದರೆ ಅದಕ್ಕೆ ಧೈರ್ಯ. ಮಲಗುವ ಮುಂಚೆ ಒಮ್ಮೆ ಟಾರ್ಚ್ ಹಿಡಿದು ಜೊತೆಗೆ ಹೋಗಿ ಅಂಗಳದಲ್ಲಿ ಉಚ್ಚೆ ಮಾಡಿಸಿಕೊಂಡು ಬನ್ನಿ, ಬೆಳಕು ಹರಿದಮೇಲೆ ಬಾಗಿಲು ತೆಗೆಯಿರಿ. ಮರಿ ತಂದವರು ಮೊದಲ ಕೆಲವು ವಾರ ಅದನ್ನು ಯಾರಾದರೂ ಮಲಗುವ ಕಡೆಯೇ ಇಟ್ಟುಕೊಳ್ಳಿ. ತಾಯಿಯನ್ನು ಬಿಟ್ಟು ಬಂದ ಮರಿ ಕತ್ತಲಲ್ಲಿ ಕುಂಯ್‌ಗುಡುವುದು ಹಟದಿಂದಲ್ಲ, ಹೆದರಿಕೆಯಿಂದ.

ಗೋಣಿಯನ್ನು ಬಿಸಿಲು ಬಿದ್ದ ದಿನ ಒಣಗಲು ಹಾಕಿ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲಿನ ಗಳುವಿಗೆ ನೇತುಹಾಕಿದರೆ ಸಂಜೆಯೊಳಗೆ ಬೆಚ್ಚಗಾಗಿರುತ್ತದೆ. ಕಂಬದ ಸರಪಳಿಯನ್ನು ತೆಗೆದು ಬಾವಿಯ ಕೊಡಪಾನಕ್ಕೋ ಗೇಟಿಗೋ ಉಪಯೋಗಿಸಿಕೊಳ್ಳಬಹುದು.

ಇಂತಿ,
ನಿಮ್ಮ ಕಡೆಯವಳು